35 ಇಂಚಿನ ಟೈರ್ ಹಾಕಿದ ಮೇಲೆ ಕ್ರೌನ್-ಪಿನಿಯನ್ ಬದಲಿಸಬೇಕೇ? ಒಂದು ಪಿಕಪ್‌ನ ಪ್ರಕರಣ ಅಧ್ಯಯನ

ದೊಡ್ಡ ಟೈರ್ ಹಾಕಿಸಿಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಸಲಹೆ ಸಿಕ್ಕೇ ಸಿಗುತ್ತದೆ: ‘ಇನ್ನು ಗೇರ್ ರೇಶಿಯೊ ಬದಲಿಸಿಬಿಡಿ.’ ಅಂದರೆ ಆಕ್ಸಲ್ ನಡುವೆ ಕೂತು ಎಂಜಿನ್‌ನ ತಿರುಗನ್ನು ಚಕ್ರಕ್ಕೆ ದಾಟಿಸುವ ಹಲ್ಲುಗಾಲಿ ಜೋಡಿಯನ್ನು, ದೊಡ್ಡ ಕ್ರೌನ್ ಮತ್ತು ಚಿಕ್ಕ ಪಿನಿಯನ್ ಅನ್ನು, ಬದಲಿಸಿ ಎಂದು. ಸಲಹೆ ತಪ್ಪೇನಲ್ಲ, ಆದರೆ ಅರ್ಧ ಮಾತ್ರ ಸರಿ. ಯಾವ ತೊಂದರೆ ಗೇರಿನಿಂದ ಬಂದದ್ದು, ಯಾವುದು ಮೀಟರಿನ ತಪ್ಪು ಲೆಕ್ಕದಿಂದ, ಯಾವುದು ಟೈರಿನ ತೂಕದಿಂದ ಎಂದು ಬಿಡಿಸಿ ನೋಡದೆ ಎರಡು ಆಕ್ಸಲ್ ಬಿಚ್ಚಿಸಿದರೆ, ಅಷ್ಟು ಖರ್ಚಾದ ಮೇಲೂ ಅರ್ಧ ದೂರು ಹಾಗೇ ಉಳಿದಿರುತ್ತದೆ. ಈ ಪ್ರಕರಣದಲ್ಲಿ ಕೊನೆಗೆ ಗೇರ್ ಬದಲಾಯಿತು. ಬದಲಿಸಲು ಕಾರಣವಾದದ್ದು ಮಾತ್ರ ಮಾಲೀಕರು ಮೊದಲು ಹೇಳಿದ ಕಾರಣವಲ್ಲ. ಗಾಡಿಯ ಹೆಸರು, ಮಾಲೀಕರ ಗುರುತು ಇಲ್ಲಿ ಬಿಟ್ಟಿದೆ.

ಹಿನ್ನೆಲೆ

ಡಬಲ್ ಕ್ಯಾಬ್ ಪಿಕಪ್. ಟರ್ಬೊ ಇಲ್ಲದ ವಿ6 ಪೆಟ್ರೋಲ್ ಎಂಜಿನ್, 6 ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್, ಮುಂದೂ ಹಿಂದೂ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಅಚ್ಚು). ಹಿಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳಿಗೂ ಬೇರೆ ಬೇರೆ ವೇಗ ಕೊಡುವ ಗೇರ್ ಗಂಟು) ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಬಗೆ. ಮುಂದಿನದು ಅಂಥ ತಡೆಯಿಲ್ಲದ ಸಾಧಾರಣ ಓಪನ್. ಎರಡರಲ್ಲೂ ಅನುಪಾತ 3.73. ಅಂದರೆ ಆಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಿದರೆ ಚಕ್ರಕ್ಕೆ ಒಂದು ಸುತ್ತು. ಗೇರ್‌ಬಾಕ್ಸಿನ ಅನುಪಾತಗಳು 4.17, 2.34, 1.52, 1.14, 0.87, 0.69, ರಿವರ್ಸ್ 3.40.

ಕಂಪನಿಯಿಂದ ಬಂದ ಟೈರ್ 265/70 ಆರ್17, ವ್ಯಾಸ ಸುಮಾರು 803 ಮಿ.ಮೀ. ಮಾಲೀಕರು ಗಾಡಿಯನ್ನು 2 ಇಂಚು ಎತ್ತರಿಸಿ 35×12.50 ಆರ್17 ಟೈರ್ ಹಾಕಿಸಿದ್ದರು. ಕಲ್ಲುದಾರಿಯಲ್ಲಿ ಡಿಫರೆನ್ಷಿಯಲ್ ಬುಡ ಕಲ್ಲಿಗೆ ತಾಗುತ್ತಿತ್ತು, ಅದಕ್ಕೆ ಈ ಟೈರ್. ಆ ಕಾರಣ ನಿಜವಾದದ್ದೇ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮಾತ್ರ, ಸಾಲಿಡ್ ಆಕ್ಸಲ್ ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಗಾಡಿಯ ಹಿಂದೆ ಸದಾ 350 ಕೆ.ಜಿ.ಯಷ್ಟು ಸಾಮಾನು. ತಿಂಗಳಿಗೆ ಎರಡು ಮೂರು ಸಲ 1,400 ಕೆ.ಜಿ. ಟ್ರೈಲರ್ ಕಟ್ಟಿಕೊಂಡು ಘಾಟಿ ಹತ್ತಬೇಕು.

ದೂರು

ಮಾಲೀಕರ ದೂರು ನಾಲ್ಕು. ಪಿಕಪ್ (ವೇಗ ಹೆಚ್ಚಿಸಿಕೊಳ್ಳುವ ಚುರುಕು) ಸತ್ತಂತಾಗಿದೆ. ಲೀಟರಿಗೆ 9 ಕಿ.ಮೀ. ಕೊಡುತ್ತಿದ್ದ ಗಾಡಿ 7.5ಕ್ಕೆ ಇಳಿದಿದೆ. ಸಣ್ಣ ಏರು ಬಂದರೂ ಗೇರ್‌ಬಾಕ್ಸ್ 6ರಿಂದ 5ಕ್ಕೆ, 5ರಿಂದ 6ಕ್ಕೆ ಓಲಾಡುತ್ತದೆ. ಟ್ರೈಲರ್ ಕಟ್ಟಿ ಏರಿನಲ್ಲಿ ಹಿಂದಕ್ಕೆ ತಳ್ಳುವಾಗ ಗೇರ್‌ಬಾಕ್ಸ್ ಆಯಿಲ್ ಬಿಸಿಯ ಎಚ್ಚರಿಕೆ ದೀಪ ಹತ್ತುತ್ತದೆ.

ಅವರು 4.88 ಅನುಪಾತದ ಕ್ರೌನ್-ಪಿನಿಯನ್ ಸೆಟ್ ತರಿಸಲು ತಯಾರಾಗಿಯೇ ಬಂದಿದ್ದರು. ಇಲ್ಲಿ ಮೆಕ್ಯಾನಿಕ್ ತೆಗೆದುಕೊಂಡ ಮೊದಲ ತೀರ್ಮಾನವೇ ಪ್ರಕರಣದ ಮೊದಲ ತಿರುವು: ಅಳತೆಯಾಗದೆ ಆರ್ಡರ್ ಇಲ್ಲ.

ಚಾಕ್‌ಪೀಸ್ ಮತ್ತು ಟೇಪು

ಟೈರಿನ ಮೇಲೆ 35 ಎಂದು ಬರೆದಿದ್ದರೂ ಗಾಡಿಯ ಭಾರ ಬಿದ್ದು ಉರುಳುವಾಗ ಅದು 35 ಅಲ್ಲ. ಅಳೆಯುವ ಕ್ರಮ ಸುಲಭ. ದಿನನಿತ್ಯದ ಭಾರ ಹೇರಿ, ದಿನನಿತ್ಯದಷ್ಟೇ ಗಾಳಿ ತುಂಬಿ, ಸಮತಟ್ಟಾದ ನೆಲದಲ್ಲಿ ಹಿಂದಿನ ಟೈರ್ ನೆಲಕ್ಕೆ ತಾಗುವ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ, ಅದರ ನೇರಕ್ಕೆ ನೆಲದ ಮೇಲೊಂದು ಗೆರೆ. ಗಾಡಿಯನ್ನು ಮೆಲ್ಲಗೆ ಉರುಳಿಸಿ ಟೈರಿನ ಗೆರೆ ಮತ್ತೆ ನೆಲ ಮುಟ್ಟುವಲ್ಲಿ ಇನ್ನೊಂದು ಗೆರೆ. ನಡುವಿನ ದೂರವೇ ಒಂದು ಸುತ್ತಿನ ಉರುಳು. ಮೂರು ಸುತ್ತು ಉರುಳಿಸಿ ಮೂರರಿಂದ ಭಾಗಿಸಿದರೆ ತಪ್ಪು ಇನ್ನೂ ಕಡಿಮೆ.

ಹಳೇ ಟೈರಿನ ಉರುಳು 2.45 ಮೀಟರ್, ಹೊಸದರದು 2.68. ವ್ಯತ್ಯಾಸ ಶೇ. 9.4. ಬರೆದ ಅಳತೆಯನ್ನೇ ನಂಬಿದ್ದರೆ ಶೇ. 10.7 ಎಂದಾಗುತ್ತಿತ್ತು. ಆಕ್ಸಲ್ ಅನುಪಾತ ಆರಿಸುವಾಗ ಈ ಒಂದು ಚಿಲ್ಲರೆ ಪ್ರತಿಶತ ದೊಡ್ಡದಲ್ಲ. ಮೀಟರ್ ಸರಿಮಾಡುವಾಗ ಮಾತ್ರ ಅದು ಬೇಕೇ ಬೇಕು.

ಈಗ ಮೈಲೇಜ್ ನೋಡಿ. ಮೀಟರಿಗೆ ಟೈರ್ ದೊಡ್ಡದಾದ ಸುದ್ದಿಯೇ ಗೊತ್ತಿಲ್ಲ, ಅದು ಶಾಫ್ಟಿನ ಸುತ್ತು ಎಣಿಸುತ್ತದೆ ಅಷ್ಟೆ. ಗಾಡಿ 109.4 ಕಿ.ಮೀ. ಓಡಿದ್ದನ್ನು 100 ಎಂದು ತೋರಿಸುತ್ತಿತ್ತು. ಮಾಲೀಕರ 7.5ನ್ನು 1.094ರಿಂದ ಗುಣಿಸಿದರೆ 8.2. ಕಳೆದುಕೊಂಡದ್ದು ಒಂದೂವರೆ ಕಿ.ಮೀ. ಅಲ್ಲ, 0.8 ಮಾತ್ರ. ಉಳಿದದ್ದು ಕಾಗದದ ಮೇಲಿನ ನಷ್ಟ. ವೇಗದ ಮುಳ್ಳು 100 ಎಂದಾಗ ಗಾಡಿ 109ರಲ್ಲಿ ಗಾಳಿ ಸೀಳುತ್ತಿತ್ತು, ಆ 0.8ರಲ್ಲೂ ಒಂದಿಷ್ಟು ಅದರ ಪಾಲು.

ಪಿಕಪ್ ಸತ್ತದ್ದಕ್ಕೆ ಇನ್ನೊಂದು ಕಾರಣ ತಕ್ಕಡಿಯಲ್ಲಿ ಸಿಕ್ಕಿತು. ರಿಮ್ ಸಮೇತ ಹಳೇ ಚಕ್ರ 31 ಕೆ.ಜಿ., ಹೊಸದು 43. ನಾಲ್ಕಕ್ಕೆ 48 ಕೆ.ಜಿ. ಹೆಚ್ಚು. ಟೈರಿನ ಹೊರ ಅಂಚಿನಲ್ಲಿ ಕೂತ ತೂಕವನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ವೇಗ ಹೆಚ್ಚಿಸುವಾಗ ಅಂಥ ಒಂದು ಕೆ.ಜಿ. ಎರಡರ ಹತ್ತಿರ ಲೆಕ್ಕಕ್ಕೆ ಬರುತ್ತದೆ. ಯಾವ ಕ್ರೌನ್-ಪಿನಿಯನ್ ಹಾಕಿದರೂ ಈ ತೂಕ ಕರಗುವುದಿಲ್ಲ.

ಬಿಚ್ಚದೆ ಮಾಡಿದ್ದು

ಮೊದಲು ಸ್ಕ್ಯಾನರ್ ಹಚ್ಚಿ ಗಾಡಿಯ ಕಂಪ್ಯೂಟರ್ ಆದ ಇಸಿಯುಗೆ ಹೊಸ ಉರುಳಿನ ಅಳತೆ ಬರೆದು, ಗೇರ್‌ಬಾಕ್ಸಿನ ಕಲಿತ ಪಾಠಗಳನ್ನು ಅಳಿಸಿದರು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಯಾವ ವೇಗಕ್ಕೆ ಯಾವ ಗೇರ್ ಎಂದು ತೀರ್ಮಾನಿಸುವುದು ಈ ಲೆಕ್ಕದ ಮೇಲೆಯೇ. ನೂರು ಕಿ.ಮೀ. ಓಡುವಷ್ಟರಲ್ಲಿ ಸಪಾಟು ರಸ್ತೆಯ ಓಲಾಟ ಬಹುತೇಕ ನಿಂತಿತು. ಏರಿನದು ನಿಲ್ಲಲಿಲ್ಲ.

ಆಮೇಲೆ ಟ್ರೈಲರ್ ಕಟ್ಟಿ ಒಂದೇ ಘಾಟಿಯನ್ನು ಮೂರು ಸಲ ಹತ್ತಿಸಿ ಗೇರ್, ಆರ್‌ಪಿಎಂ, ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗಿದೆಯೇ ಇಲ್ಲವೇ, ಆಯಿಲ್ ಬಿಸಿ ಎಷ್ಟು ಎಂದು ದಾಖಲಿಸಿದರು. 80 ಕಿ.ಮೀ. ವೇಗದಲ್ಲಿ ಈ ಗಾಡಿಗೆ ಸಿಗುವ ಆರ್‌ಪಿಎಂ ಹೀಗಿತ್ತು: 6ರಲ್ಲಿ 1,280, 5ರಲ್ಲಿ 1,614, 4ರಲ್ಲಿ 2,115, 3ರಲ್ಲಿ 2,821. ಟರ್ಬೊ ಇಲ್ಲದ ಈ ಎಂಜಿನ್ ಭಾರ ಎಳೆಯಲು ಬಾಯಿ ಬಿಡುವುದೇ 2,400 ದಾಟಿದ ಮೇಲೆ. 4ರಲ್ಲಿ ಸಾಲದು, 3ರಲ್ಲಿ ಅತಿಯಾಯಿತು. ನಡುವೆ ಗೇರಿಲ್ಲ. ಗೇರ್‌ಬಾಕ್ಸ್ 4ರಲ್ಲೇ ಉಳಿದು ಕನ್ವರ್ಟರ್ ಲಾಕ್ ಬಿಚ್ಚಿ ಜಾರಿಸುತ್ತಿತ್ತು, ತಡೆಯಲಾಗದಾಗ 3ಕ್ಕೆ ಇಳಿಯುತ್ತಿತ್ತು, ಮತ್ತೆ 4. ಜಾರುವ ಕನ್ವರ್ಟರ್ ಎಂದರೆ ಆಯಿಲ್ ಕಾಯಿಸುವ ಒಲೆಯೇ ಸರಿ. ಘಾಟಿಯ ತುದಿಯಲ್ಲಿ ಆಯಿಲ್ 116 ಡಿಗ್ರಿ ಸೆಲ್ಸಿಯಸ್.

ಕೈಯಿಂದ ಗೇರ್ ಹಿಡಿದು 3ರಲ್ಲೇ ಹತ್ತಿಸಿದಾಗ ಸದ್ದು ಜೋರಾಯಿತು, ಆದರೆ ಆಯಿಲ್ 107ಕ್ಕೆ ನಿಂತಿತು. ಇದನ್ನು ಮರೆಯಬಾರದು. ಆಕ್ಸಲ್ ಗೇರ್ ಬದಲಿಸಿದರೆ ಎಂಜಿನ್‌ಗೆ ಒಂದು ಕುದುರೆಶಕ್ತಿಯೂ ಹೆಚ್ಚುವುದಿಲ್ಲ. ಓಡುವ ಗಾಡಿಗೆ ಬೇಕಾದ ಆರ್‌ಪಿಎಂ ಅನ್ನು ಕೆಳಗಿನ ಗೇರ್ ಹಾಕಿಯೂ ಪಡೆಯಬಹುದು. ಖಾಲಿ ಗಾಡಿಯಾಗಿದ್ದರೆ ಕೆಲಸ ಇಲ್ಲಿಗೇ ಮುಗಿಯುತ್ತಿತ್ತು: ಮೀಟರ್ ಸರಿಮಾಡಿ, ಏರಿನಲ್ಲಿ ಟೋ ಮೋಡ್ (ಭಾರ ಎಳೆಯುವಾಗಿನ ಸೆಟ್ಟಿಂಗ್) ಒತ್ತಿ, ಆಯಿತು.

ಆದರೆ 1ನೇ ಗೇರಿಗೆ ಕೆಳಗೆ ಇನ್ನೊಂದು ಗೇರಿಲ್ಲ, ರಿವರ್ಸ್ ಇರುವುದೂ ಒಂದೇ. ಟ್ರೈಲರನ್ನು ಏರಿನಲ್ಲಿ ಹಿಂದಕ್ಕೆ ತಳ್ಳುವಾಗ ಗಾಡಿ ನಡೆಯುವ ವೇಗದಲ್ಲಿರುತ್ತದೆ, ಕನ್ವರ್ಟರ್ ಪೂರ್ತಿ ಜಾರುತ್ತಿರುತ್ತದೆ. ಮೊದಲೇ 3.40ರ ರಿವರ್ಸ್ ದುರ್ಬಲ, ಅದರ ಮೇಲೆ ದೊಡ್ಡ ಟೈರ್ ಆಕ್ಸಲ್‌ನ 3.73ನ್ನು 3.41ರಂತೆ ಮಾಡಿಬಿಟ್ಟಿತ್ತು. ನಾಲ್ಕು ನಿಮಿಷದಲ್ಲಿ ಆಯಿಲ್ 121 ಡಿಗ್ರಿ. ಗೇರ್ ಬದಲಿಸಲು ಗಟ್ಟಿ ಕಾರಣ ಸಿಕ್ಕಿದ್ದು ಇಲ್ಲಿ, ಹೆದ್ದಾರಿಯ ಪಿಕಪ್‌ನಲ್ಲಿ ಅಲ್ಲ. ಫೋರ್ ಲೋ (ಫೋರ್ ವೀಲ್‌ನ ನಿಧಾನದ ಗೇರ್) ಹಾಕಿ ತಳ್ಳಿದರೆ ಬಿಸಿ ಇಳಿಯುತ್ತದೆ, ನಿಜ. ಆದರೆ ಒಣ ಗಟ್ಟಿ ನೆಲದಲ್ಲಿ ಸ್ಟಿಯರಿಂಗ್ ತಿರುಗಿಸಿಕೊಂಡು ಫೋರ್ ಲೋದಲ್ಲಿ ಹಿಂದೆ ಹೋಗುವುದು, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಆಕ್ಸಲ್ ಜಾಯಿಂಟಿಗೂ ಒಳ್ಳೆಯದಲ್ಲ.

ಆಕ್ಸಲರೇಟರಿಗೆ ಜೋಡಿಸುವ ‘ಬೂಸ್ಟರ್’ ಡಬ್ಬಿಯನ್ನು ಮಾಲೀಕರು ಮೊದಲೇ ಹಾಕಿಸಿ ನೋಡಿದ್ದರು. ಕಾಲು ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದಂತೆ ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿ ಅದು. ಕಿತ್ತು ಹಾಕಲಾಯಿತು.

ಎಷ್ಟರ ಗೇರ್?

ಸಣ್ಣ ಟೈರಿಗೆ ಹಿಂದಿರುಗುವ ಮಾತೂ ಬಂತು. 285/70 ಆರ್17 ಹಾಕಿದರೆ ವ್ಯಾಸ 831 ಮಿ.ಮೀ., ವ್ಯತ್ಯಾಸ ಬರೀ ಶೇ. 3.5, ಗೇರಿನ ಯೋಚನೆಯೇ ಬೇಡ. ಆದರೆ ಆಕ್ಸಲ್ ಮೇಲೇಳುವುದು 14 ಮಿ.ಮೀ. ಮಾತ್ರ. ಈಗಿನ ಟೈರಿನಲ್ಲಿ 38 ಮಿ.ಮೀ. ಸಿಕ್ಕಿದೆ. ಅವರ ದಾರಿಗೆ ಆ 38 ಬೇಕಿತ್ತು. ಟೈರ್ ಉಳಿಯಿತು.

ಮೂಲ ಸ್ಥಿತಿಗೆ ತರುವ ಲೆಕ್ಕ ನೇರ: 3.73 × 1.094 = 4.08. ಸಿಗುವ ಸೆಟ್‌ಗಳಲ್ಲಿ ಹತ್ತಿರದ್ದು 4.10. ಹಲವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಲೆಕ್ಕ ತೂಗುವುದು ಟೈರಿನ ಎತ್ತರವನ್ನು ಮಾತ್ರ. ಅದರ ತೂಕ, ಅಗಲ, ಎತ್ತರಿಸಿದ ಬಾಡಿಗೆ ಬಡಿಯುವ ಗಾಳಿ, ಹಿಂದಿನ ಟ್ರೈಲರ್ ಯಾವುದೂ ಇದರಲ್ಲಿಲ್ಲ. 100 ಕಿ.ಮೀ. ವೇಗಕ್ಕೆ 6ನೇ ಗೇರಿನಲ್ಲಿ ಲೆಕ್ಕ ಹಾಕಿದಾಗ ಬಂದದ್ದು: ಹಳೇ ಟೈರ್, 3.73ಕ್ಕೆ 1,751, ಹೊಸ ಟೈರ್, 3.73ಕ್ಕೆ 1,600, 4.10ಕ್ಕೆ 1,759, 4.56ಕ್ಕೆ 1,957, 4.88ಕ್ಕೆ 2,094. ಘಾಟಿಯ 80 ಕಿ.ಮೀ. ವೇಗಕ್ಕೆ 4ನೇ ಗೇರಿನಲ್ಲಿ 4.10 ಕೊಡುವುದು 2,325, 4.56 ಕೊಡುವುದು 2,586. ಎಂಜಿನ್ ಬಾಯಿ ಬಿಡುವ 2,400ರ ಗೆರೆ ಈ ಎರಡರ ನಡುವೆ ಹಾದುಹೋಗುತ್ತದೆ.

ತೀರ್ಮಾನ 4.56ಕ್ಕೆ ಬಿತ್ತು. 4.88 ಬೇಡವಾದದ್ದಕ್ಕೆ ಆರ್‌ಪಿಎಂಗಿಂತ ಹಲ್ಲುಗಳೇ ಕಾರಣ. 3.73ರ ಸೆಟ್‌ನಲ್ಲಿ ಕ್ರೌನಿಗೆ 41, ಪಿನಿಯನ್‌ಗೆ 11 ಹಲ್ಲು. 4.10 ಅಂದರೆ 41ಕ್ಕೆ 10, 4.56 ಅಂದರೆ 41ಕ್ಕೆ 9, 4.88 ಅಂದರೆ 39ಕ್ಕೆ 8. ಕ್ರೌನ್ ವ್ಯಾಸ ಬದಲಾಗುವುದಿಲ್ಲ, ಆದ್ದರಿಂದ ಅನುಪಾತ ಏರಿದಷ್ಟೂ ಪಿನಿಯನ್ ತಲೆ ಸಣ್ಣದಾಗುತ್ತದೆ, ಒಮ್ಮೆಗೆ ಕಚ್ಚಿಕೊಳ್ಳುವ ಹಲ್ಲು ಕಡಿಮೆಯಾಗುತ್ತದೆ. ಭಾರ ಎಳೆಯುವ ಗಾಡಿಯಲ್ಲಿ ಬೇಕಿಲ್ಲದ ಕಡೆ ಆ ಬಲ ಬಿಟ್ಟುಕೊಡಬಾರದು. ಇದೇ ಗಾಡಿಗೆ ಟರ್ಬೊ ಡೀಸೆಲ್ ಎಂಜಿನ್ ಇದ್ದಿದ್ದರೆ 1,700ರಲ್ಲೇ ಟಾರ್ಕ್ (ತಿರುಗಿಸುವ ಬಲ) ತುಂಬಿರುತ್ತಿತ್ತು, 4.10 ಸಾಕಾಗುತ್ತಿತ್ತು, ಬಹುಶಃ ಅದೂ ಬೇಕಾಗುತ್ತಿರಲಿಲ್ಲ.

‘ಸದ್ಯಕ್ಕೆ ಹಿಂದಿನದು ಮಾತ್ರ ಮಾಡಿ, ಮುಂದಿನದು ಆಮೇಲೆ ನೋಡೋಣ’ ಎಂದರು ಮಾಲೀಕರು.

‘ಹಾಗಾದ್ರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಮನೇಲಿಡಿ ಸರ್, ಯಾರಾದ್ರೂ ಮರೆತು ಫೋರ್ ವೀಲ್ ಹಾಕಿದ್ರೆ ಕೇಸೇ ಒಡೆಯತ್ತೆ’ ಎಂದರು ಮೆಕ್ಯಾನಿಕ್.

ಮುಂದೆ 3.73, ಹಿಂದೆ 4.56 ಇದ್ದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಶೇ. 22 ವೇಗವಾಗಿ ತಿರುಗಲು ನೋಡುತ್ತವೆ. ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಎರಡೂ ಒಟ್ಟಿಗೆ ಮಾಡುವುದೆಂದಾಯಿತು.

ತಪ್ಪಾಗಿ ಬಂದ ಕ್ರೌನ್

ಪ್ರತಿ ಆಕ್ಸಲ್‌ಗೆ ತರಿಸಿದ್ದು: ಕ್ರೌನ್-ಪಿನಿಯನ್ ಜೋಡಿ, ಪಿನಿಯನ್‌ನ ಒಳ ಹೊರ ಬೇರಿಂಗ್, ಕ್ಯಾರಿಯರ್ (ಕ್ರೌನನ್ನು ಹೊತ್ತು ತಿರುಗುವ ಗೂಡು) ಬೇರಿಂಗ್ ಎರಡು, ಶಿಮ್ (ಅಳತೆ ಹೊಂದಿಸುವ ತೆಳು ಬಿಲ್ಲೆ) ಸೆಟ್, ಕ್ರಶ್ ಸ್ಲೀವ್ (ನಟ್ ಬಿಗಿಸಿದಂತೆ ಕುಗ್ಗಿ ಪಿನಿಯನ್ ಬೇರಿಂಗಿನ ಬಿಗಿ ಹೊಂದಿಸುವ ಕೊಳವೆ) ಒಂದಲ್ಲ ಎರಡು, ಹೊಸ ಪಿನಿಯನ್ ನಟ್, ಪಿನಿಯನ್ ಆಯಿಲ್ ಸೀಲ್, ಹೊಸ ಕ್ರೌನ್ ಬೋಲ್ಟ್‌ಗಳು, ಕೆಂಪು ಥ್ರೆಡ್ ಲಾಕ್, ಹಲ್ಲಿಗೆ ಬಳಿಯುವ ಹಳದಿ ಬಣ್ಣ. ಹಿಂದಿನದಕ್ಕೆ ಲಿಮಿಟೆಡ್ ಸ್ಲಿಪ್ ಆಯಿಲ್‌ಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್. ಮುಂದಿನ ಹೌಸಿಂಗ್‌ನ ಪಿನಿಯನ್ ಎತ್ತರದಲ್ಲಿ ಕೂರುವ ಬಗೆಯದು, ಅದಕ್ಕೆ ರಿವರ್ಸ್ ಕಟ್ (ಹಲ್ಲು ಎದುರು ದಿಕ್ಕಿಗೆ ಕತ್ತರಿಸಿದ) ಸೆಟ್ಟೇ ಬೇಕು. ಸಾಧಾರಣ ಸೆಟ್ ಅಲ್ಲಿ ಕೂರುವುದೇ ಇಲ್ಲ.

ಹಿಂದಿನ ಹೊಸ ಕ್ರೌನ್ ಅನ್ನು ಹಳೇ ಕ್ಯಾರಿಯರ್‌ಗೆ ಕಟ್ಟಿ ಇಟ್ಟು ನೋಡಿದರೆ ಹಲ್ಲು ಪಿನಿಯನ್ ಮುಟ್ಟಲೇ ಇಲ್ಲ. ಬೆರಳು ತೂರುವಷ್ಟು ಸಂದು. ಪಿನಿಯನ್ ತಲೆ ಸಣ್ಣದಾದಾಗ ಕ್ರೌನ್ ಅದರ ಕಡೆಗೆ ಸರಿಯಬೇಕು. ಆ ಸರಿತವನ್ನು ತಯಾರಕರು ಕ್ಯಾರಿಯರ್‌ನ ಫ್ಲಾಂಜ್ (ಕ್ರೌನ್ ಕೂರುವ ಅಂಚು) ಜಾಗ ಬದಲಿಸಿ ಕೊಡುತ್ತಾರೆ. ಎಷ್ಟೋ ಆಕ್ಸಲ್‌ಗಳಲ್ಲಿ ಇಂಥ ಅನುಪಾತದವರೆಗೆ ಒಂದು ಕ್ಯಾರಿಯರ್, ಅದಕ್ಕಿಂತ ಮೇಲಕ್ಕೆ ಇನ್ನೊಂದು. ಈ ಆಕ್ಸಲ್‌ನಲ್ಲಿ ಆ ಗಡಿ 3.73ರ ಮೇಲೆಯೇ ಇತ್ತು. ಆರ್ಡರ್ ಮಾಡುವಾಗ ಯಾರೂ ಕೇಳಿರಲಿಲ್ಲ. ಇದನ್ನು ಶಿಮ್ ಹಾಕಿ ಸರಿಮಾಡಲು ಬರುವುದಿಲ್ಲ. ಕ್ರೌನ್ ಹಿಂದೆ ಬಳೆಯಂಥ ಸ್ಪೇಸರ್ ಇಟ್ಟು ಉದ್ದ ಬೋಲ್ಟ್ ಹಾಕುವವರಿದ್ದಾರೆ, ಭಾರ ಎಳೆಯುವ ಗಾಡಿಗೆ ಅದು ಬೇಡ.

ಹಿಂದಿನ ಲಿಮಿಟೆಡ್ ಸ್ಲಿಪ್‌ನ ಕ್ಲಚ್ ಪ್ಲೇಟ್ ಅಳೆದರೆ ಚೆನ್ನಾಗಿದ್ದವು. ಅದನ್ನು ಉಳಿಸಿಕೊಂಡು ದಪ್ಪ ಕ್ರೌನ್ ಇರುವ 4.56 ಸೆಟ್ ತರಿಸಿದರು. ಮುಂದಕ್ಕೆ ಹೊಸ ಕ್ಯಾರಿಯರ್. ಲಾಕರ್ (ಎರಡೂ ಚಕ್ರಗಳು ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಸಾಧನ) ಹಾಕಿಸುವ ಆಸೆಯಿರುವವರು ಹಾಕಿಸಬೇಕಾದದ್ದು ಇದೇ ಹೊತ್ತಿನಲ್ಲಿ. ಆಮೇಲೆಂದರೆ ಇದೇ ಕೂಲಿ ಎರಡನೇ ಸಲ. ಈ ಗಡಿಬಿಡಿಯಲ್ಲಿ ಗಾಡಿ ಒಂಬತ್ತು ದಿನ ಜಾಕ್ ಸ್ಟ್ಯಾಂಡ್ ಮೇಲೆ ಕೂತಿತು.

ಜೋಡಣೆ

ಪ್ರತಿ ಆಕ್ಸಲ್‌ಗೆ ಆರೇಳು ಗಂಟೆಯ ಕೆಲಸ, ಅದರಲ್ಲಿ ಹೆಚ್ಚಿನದು ಬರೀ ಅಳತೆ. ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದನ್ನು ತೀರ್ಮಾನಿಸುವುದು ಅದರ ತಲೆ ಮತ್ತು ಒಳ ಬೇರಿಂಗ್ ನಡುವಿನ ಶಿಮ್. ಪ್ರತಿ ಸಲ ಬೇರಿಂಗ್ ಒತ್ತಿ ಕೀಳದೆ ಇರಲು ಹಳೇ ಬೇರಿಂಗಿನ ಒಳವ್ಯಾಸವನ್ನು ತುಸು ಉಜ್ಜಿ ಕೈಯಲ್ಲೇ ಜಾರುವಂತೆ ಮಾಡಿಕೊಂಡು ಪರೀಕ್ಷೆಗೆ ಬಳಸುತ್ತಾರೆ.

ಹಿಂದಿನ ಆಕ್ಸಲ್‌ನ ಹಳೇ ಶಿಮ್ 0.89 ಮಿ.ಮೀ. ಅದನ್ನೇ ಹಾಕಿ ಹಲ್ಲಿಗೆ ಹಳದಿ ಬಣ್ಣ ಬಳಿದು, ಕ್ರೌನನ್ನು ಬಟ್ಟೆಯಿಂದ ಬಿಗಿ ಹಿಡಿದು ತಿರುಗಿಸಿದರೆ, ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಪಿನಿಯನ್ ಅತಿ ಒಳಗೆ ಬಂದಿದೆ ಎಂದರ್ಥ. 0.81ಕ್ಕೆ ಇಳಿಸಿದಾಗ ಹಲ್ಲಿನ ತುದಿಗೆ ಹಾರಿತು. 0.84ರಲ್ಲಿ ಬುಡಕ್ಕೂ ತುದಿಗೂ ನಡುವೆ ಅಚ್ಚುಕಟ್ಟಾಗಿ ಕೂತಿತು. ಹೊಸ ಸೆಟ್‌ಗೆ ಹಳೇ ಶಿಮ್ ಹೊಂದಲೇಬೇಕೆಂದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಬ್ಯಾಕ್‌ಲ್ಯಾಶ್ (ಹಲ್ಲು ಹಲ್ಲಿನ ನಡುವಿನ ಸಡಿಲ) ಅನ್ನು ಡಯಲ್ ಗೇಜಿನಿಂದ ಕ್ರೌನಿನ ನಾಲ್ಕು ಕಡೆ ನೋಡಿದರು, 0.18ರಿಂದ 0.20 ಮಿ.ಮೀ. ಸಾಮಾನ್ಯವಾಗಿ 0.15ರಿಂದ 0.25ರೊಳಗೆ ಇದ್ದು, ಸುತ್ತ ಒಂದೇ ಸಮ ಬಂದರೆ ಸಾಕು. ಕ್ರಶ್ ಸ್ಲೀವ್ ಕುಗ್ಗಿಸಲು ಉದ್ದನೆ ಪೈಪ್ ಹಾಕಿ ಪಿನಿಯನ್ ನಟ್ ಎಳೆಯಬೇಕು. ಕೊನೆಯ ಕಾಲು ಸುತ್ತಿನಲ್ಲಿ ಎಳೆ ಎಳೆಯಾಗಿ ಬಿಗಿಸಿ, ಪ್ರತಿ ಸಲ ಪಿನಿಯನ್ ಎಷ್ಟು ಬಲಕ್ಕೆ ತಿರುಗುತ್ತದೆಂದು ಸಣ್ಣ ಟಾರ್ಕ್ ರೆಂಚಿನಲ್ಲಿ ನೋಡಬೇಕು. ಹೊಸ ಬೇರಿಂಗಿಗೆ ಇಲ್ಲಿ ಇಟ್ಟದ್ದು 2.3 ನ್ಯೂಟನ್ ಮೀಟರ್. ಮಿತಿ ದಾಟಿದರೆ ನಟ್ ಸಡಿಲಿಸಿ ಹಿಂದೆ ಬರುವ ಹಾಗಿಲ್ಲ, ಕುಗ್ಗಿದ ಸ್ಲೀವ್ ಹಿಗ್ಗುವುದಿಲ್ಲ. ಎರಡು ಸ್ಲೀವ್ ತರಿಸಿದ್ದು ಅದಕ್ಕೇ.

ಮುಚ್ಚಳ ಹಾಕುವ ಮೊದಲು ಎರಡೂ ಆಕ್ಸಲ್‌ಗಳ ಚಕ್ರಗಳನ್ನು ಒಂದು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಿದರು. ನಾಲ್ಕೂವರೆಗಿಂತ ತುಸು ಹೆಚ್ಚು, ಎರಡೂ ಕಡೆ ಒಂದೇ. ಈ ಗಾಡಿಯ ವೇಗದ ಸೆನ್ಸರ್ ಗೇರ್‌ಬಾಕ್ಸಿನ ಹಿಂತುದಿಯಲ್ಲಿದೆ, ಆಕ್ಸಲ್‌ಗಿಂತ ಮುಂಚೆ. ಅದರಿಂದ ಹೊಸ ಅನುಪಾತವನ್ನೂ ಇಸಿಯುಗೆ ಬರೆಯಬೇಕಾಯಿತು. ವೇಗವನ್ನು ಚಕ್ರದ ಸೆನ್ಸರಿನಿಂದ ಓದುವ ಗಾಡಿಗಳಲ್ಲಿ ಮೀಟರಿಗೆ ಟೈರ್ ಅಳತೆ ಕೊಟ್ಟರೆ ಸಾಕು.

ಪಳಗಿಸುವ ಕ್ರಮ: 25 ಕಿ.ಮೀ. ಮೆಲ್ಲಗೆ ಓಡಿಸಿ ಅರ್ಧ ಗಂಟೆ ತಣಿಯಲು ಬಿಡುವುದು, ಹೀಗೆ ಮೂರು ಸಲ. 800 ಕಿ.ಮೀ.ವರೆಗೆ ಟ್ರೈಲರ್ ಇಲ್ಲ. ಅದಾದ ಮೇಲೆ ಆಯಿಲ್ ಬದಲು. ಹೊಸ ಹಲ್ಲುಗಳು ಮೊದಲ ಸಲ ಉಜ್ಜಿಕೊಳ್ಳುವಾಗ ಅತಿ ಬಿಸಿಯಾದರೆ ಮೇಲ್ಮೈಯ ಗಡಸು ಹೋಗುತ್ತದೆ, ಮತ್ತೆ ಬರುವುದಿಲ್ಲ.

300 ಕಿ.ಮೀ.ಗೆ ಕೇಳಿದ ಊಳು

ಆಕ್ಸಲರೇಟರ್‌ನಿಂದ ಕಾಲು ತೆಗೆದಾಗ ಮಾತ್ರ, 65ರಿಂದ 80ರ ನಡುವೆ, ಹಿಂದಿನಿಂದ ಊಳಿಡುವ ಸದ್ದು. ಒತ್ತಿದರೆ ಮಾಯ. ‘ಹೊಸ ಗೇರ್ ಅಲ್ವಾ, ಕೂತ್ಕೊಳತ್ತೆ’ ಎಂದು ಬಿಟ್ಟುಬಿಡುವ ಆಮಿಷ ಇಲ್ಲಿ ದೊಡ್ಡದು. ಸದ್ದು ಮಾಡುವ ಕ್ರೌನ್-ಪಿನಿಯನ್ ಓಡಿದಷ್ಟೂ ತನ್ನ ತಪ್ಪು ಜಾಗಕ್ಕೇ ಸವೆದು ಒಗ್ಗುತ್ತದೆ. ಆಮೇಲೆ ಸರಿಯಾದ ಜಾಗಕ್ಕೆ ತಂದರೂ ಸದ್ದು ಹೋಗುವುದಿಲ್ಲ. ಅವತ್ತೇ ಬಿಚ್ಚಿದರು.

ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ಟಿನ ಮೇಲೆ ಬೂದು ಬಣ್ಣದ ನುಣ್ಣನೆ ಹಿಟ್ಟು ಮಾತ್ರ, ಚೂರುಗಳಿಲ್ಲ. ಬ್ಯಾಕ್‌ಲ್ಯಾಶ್ ಹೆಚ್ಚೂಕಡಿಮೆ ಅಷ್ಟೇ. ಆದರೆ ಪಿನಿಯನ್ ತಿರುಗಿಸಲು ಬೇಕಾದ ಬಲ 2.3ರಿಂದ 0.5ಕ್ಕೆ ಬಿದ್ದಿತ್ತು, ಹೊಸದಾಗಿ ಬಳಿದ ಬಣ್ಣದ ಗುರುತು ಹಲ್ಲಿನ ತುದಿಯ ಕಡೆ ಸರಿದಿತ್ತು. ಪಿನಿಯನ್ ಹೊರಕ್ಕೆ ಜರುಗಿದೆ. ಒಳ ಬೇರಿಂಗಿನ ಕಪ್ (ಹೊರ ಬಳೆ) ತೆಗೆದು ಹೌಸಿಂಗಿನ ಮೆಟ್ಟಿಲ ಮೇಲೆ ಬೆರಳಾಡಿಸಿದಾಗ ಉತ್ತರ ಸಿಕ್ಕಿತು. ಹಳೇ ಕಪ್ಪನ್ನು ಉಳಿಯಿಂದ ಹೊಡೆದು ತೆಗೆದಾಗ ಅಂಚಿನಲ್ಲಿ ಲೋಹ ಎದ್ದಿತ್ತು, ಉಗುರಿಗೆ ಸಿಕ್ಕುವಷ್ಟು, ಕಣ್ಣಿಗೆ ಕಾಣದಷ್ಟು. ಹೊಸ ಕಪ್ ಆ ಉಬ್ಬಿನ ಮೇಲೆ ಕೂತಿತ್ತು. 300 ಕಿ.ಮೀ. ಓಟದಲ್ಲಿ ಉಬ್ಬು ಚಪ್ಪಟೆಯಾಗಿ ಕಪ್ 0.05 ಮಿ.ಮೀ. ಕೆಳಗಿಳಿದಿದೆ, ಅದರೊಂದಿಗೆ ಬಿಗಿಯೂ ಹೋಗಿದೆ.

ಅರದಿಂದ ಉಬ್ಬು ತೆಗೆದು, ಕಪ್ಪನ್ನು ಪ್ರೆಸ್‌ನಿಂದ ಕೂರಿಸಿ, ಫೀಲರ್ ಗೇಜಿನ ತೆಳು ಎಲೆ ಸುತ್ತ ಎಲ್ಲೂ ತೂರುವುದಿಲ್ಲವೆಂದು ನೋಡಿ, ಮತ್ತೆ ಬಣ್ಣ ಬಳಿದರು. ಈ ಸಲ ಗುರುತು ಸರಿ ಬಿದ್ದದ್ದು 0.89ರ ಶಿಮ್‌ಗೆ. ಮೊದಲ ದಿನವೇ ಹಾಕಿ, ಸರಿಯಿಲ್ಲವೆಂದು ತೆಗೆದಿಟ್ಟಿದ್ದ ಅದೇ ಹಳೇ ಶಿಮ್. ಎರಡನೇ ಕ್ರಶ್ ಸ್ಲೀವ್, ಮತ್ತೊಂದು ಹೊಸ ನಟ್, ಪಳಗಿಸುವ ಕ್ರಮ ಮೊದಲಿನಿಂದ. ಊಳು ನಿಂತಿತು.

ಫಲ

ಅದೇ ಘಾಟಿ, ಅದೇ ಟ್ರೈಲರ್. ಗಾಡಿ 4ನೇ ಗೇರಿನಲ್ಲಿ ಕನ್ವರ್ಟರ್ ಲಾಕ್ ಹಿಡಿದುಕೊಂಡೇ ಹತ್ತಿತು, 3ಕ್ಕೆ ಇಳಿದದ್ದು ಎರಡು ತಿರುವುಗಳಲ್ಲಿ ಮಾತ್ರ. ಆಯಿಲ್ ಬಿಸಿ ತುದಿಯಲ್ಲಿ 101 ಡಿಗ್ರಿ. ಹಿಂದಕ್ಕೆ ತಳ್ಳುವಾಗ 121 ಇದ್ದದ್ದು 106ಕ್ಕೆ ಬಂತು, ದೀಪ ಹತ್ತಲಿಲ್ಲ. ಮೈಲೇಜ್ ಮಾತ್ರ ಏರಲಿಲ್ಲ: ಟ್ರೈಲರ್ ಇಲ್ಲದಾಗ 8.0, ಅಂದರೆ ಮೊದಲಿಗಿಂತ ಕೂದಲೆಳೆ ಕಡಿಮೆ. ಟ್ರೈಲರ್ ಕಟ್ಟಿದಾಗ 5.4 ಇದ್ದದ್ದು 5.6. ಗೇರ್ ಬದಲಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

110 ದಾಟಿದಾಗ ಹೊಸದಾಗಿ ಒಂದು ನಡುಕ ಬಂತು. ಶಾಫ್ಟ್ ಈಗ ಅದೇ ವೇಗಕ್ಕೆ ಕಂಪನಿಯಿಂದ ಬಂದಾಗಿನದಕ್ಕಿಂತ ಶೇ. 12 ಜೋರಾಗಿ ತಿರುಗುತ್ತದೆ. ಹಳೇ ವೇಗದಲ್ಲಿ ಸುಮ್ಮನಿದ್ದ, ಶಾಫ್ಟಿನ ತುದಿಯ ಸವೆದ ಯೂನಿವರ್ಸಲ್ ಜಾಯಿಂಟ್ ಈಗ ಮಾತಾಡಿತು. ಅದರ ಕ್ರಾಸ್ ಬದಲಿಸಿ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದ ಮೇಲೆ ಹೋಯಿತು.

ಬ್ರೇಕ್ ಬಗ್ಗೆ ಯಾರೂ ಕೇಳಿರಲಿಲ್ಲ. ಡಿಸ್ಕ್, ಪ್ಯಾಡ್ ಹಳೆಯವೇ ಇದ್ದು ಟೈರ್ ದೊಡ್ಡದಾದರೆ, ಅದೇ ಪೆಡಲ್ ಒತ್ತಿಗೆ ನೆಲದ ಮೇಲೆ ಸಿಗುವ ಹಿಡಿತ ಸುಮಾರು ಶೇ. 9 ಕಡಿಮೆ. ಇದಕ್ಕೆ ಆಕ್ಸಲ್ ಗೇರಿನಲ್ಲಿ ಔಷಧಿಯಿಲ್ಲ. ಮುಂದಿನ ಪ್ಯಾಡ್‌ಗಳನ್ನು ಭಾರಕ್ಕೆ ತಕ್ಕ ದರ್ಜೆಯವಕ್ಕೆ ಬದಲಿಸಿ, ಟ್ರೈಲರಿನ ಬ್ರೇಕ್ ಹೊಂದಿಸಿ ಕೊಟ್ಟರು.

ಇದೇ ಸಮಸ್ಯೆ ಹೊತ್ತು ಬರುವವರು ಏನು ಮಾಡಬಹುದು

ಕ್ರಮ ತಲೆಕೆಳಗಾಗದಿರಲಿ. ಮೊದಲು ಉರುಳಿನ ಅಳತೆ, ಆಮೇಲೆ ಮೀಟರ್ ಮತ್ತು ಇಸಿಯು, ಆಮೇಲೆ ನಿಜವಾದ ಭಾರ ಹೇರಿ ನಿಜವಾದ ಏರಿನಲ್ಲಿ ದಾಖಲೆ. ಇಷ್ಟಾದ ಮೇಲೂ 1ನೇ ಗೇರ್, ರಿವರ್ಸ್ ಅಥವಾ ಕಲ್ಲಿನ ಮೇಲೆ ತೆವಳುವ ವೇಗದಲ್ಲಿ ತೊಂದರೆ ಉಳಿದಿದ್ದರೆ ಗೇರ್ ಬದಲಿಸಲು ಕಾರಣ ಇದೆ. ತೊಂದರೆ 5 ಮತ್ತು 6ರಲ್ಲಿ ಮಾತ್ರವಾದರೆ ಬಹುಮಟ್ಟಿಗೆ ಇಲ್ಲ. ಮ್ಯಾನುವಲ್ ಗೇರ್‌ಬಾಕ್ಸಿನ ಗಾಡಿಯಾದರೆ ಈ ಮಾತು ಇನ್ನೂ ಗಟ್ಟಿ: ಅಲ್ಲಿ ಜಾರುವುದು ಕನ್ವರ್ಟರ್ ಅಲ್ಲ, ಕ್ಲಚ್. 1ನೇ ಗೇರ್ ಉದ್ದವಾದರೆ ಸುಡುವುದೂ ಅದೇ.

ಬದಲಿಸುವುದೇ ಆದರೆ, ಖಾಲಿ ಓಡುವ ಗಾಡಿಗೆ ಲೆಕ್ಕ ಕೊಟ್ಟ ಅನುಪಾತ ಸಾಕು. ಭಾರ ಹೊರುವ, ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗೆ ಅದರ ಮೇಲಿನ ಒಂದು ಮೆಟ್ಟಿಲು. ಎರಡು ಮೆಟ್ಟಿಲು ಹತ್ತುವ ಮುನ್ನ ಪಿನಿಯನ್ ಹಲ್ಲು ಎಣಿಸಿ. ಆರ್ಡರ್ ಮಾಡುವಾಗ ಈಗಿರುವ ಅನುಪಾತ, ಬೇಕಾದ ಅನುಪಾತ, ಕ್ಯಾರಿಯರ್ ಯಾವ ಕಡೆಯದು ಎಂಬ ಮೂರನ್ನೂ ಬರೆದುಕೊಡಿ. ಕೆಲಸ ಒಪ್ಪಿಸಿದವರಿಂದ ಎರಡೂ ಆಕ್ಸಲ್‌ಗಳ ಬಣ್ಣದ ಗುರುತಿನ ಫೋಟೊ, ಬ್ಯಾಕ್‌ಲ್ಯಾಶ್, ಪಿನಿಯನ್ ಬಿಗಿ ಮತ್ತು ಶಿಮ್ ಅಳತೆ ಬರೆಸಿಕೊಳ್ಳಿ. ಈ ಪ್ರಕರಣದಲ್ಲಿ ಊಳಿನ ಮೂಲ ಒಂದೇ ದಿನದಲ್ಲಿ ಸಿಕ್ಕಿದ್ದು 2.3 ಎಂದು ಬರೆದಿಟ್ಟ ಒಂದು ಚೀಟಿಯಿಂದ.

ಇನ್ನು ಸ್ಟೆಪ್ನಿ. ಗಾಡಿಯ ಅಡಿಯಲ್ಲಿ ಹಳೇ 265ರ ಟೈರೇ ನೇತಾಡುತ್ತಿತ್ತು, 35 ಇಂಚಿನದು ಆ ಜಾಗಕ್ಕೆ ಹಿಡಿಯುವುದಿಲ್ಲ. ಹಿಂದೆ ಒಂದು ಚಕ್ರ 2.45 ಮೀಟರಿನದು, ಇನ್ನೊಂದು 2.68ರದು ಹಾಕಿ ಓಡಿಸಿದರೆ ಲಿಮಿಟೆಡ್ ಸ್ಲಿಪ್‌ನ ಕ್ಲಚ್ ಪ್ಲೇಟ್‌ಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಉಜ್ಜುತ್ತಿರುತ್ತವೆ. ಐದನೇ ಟೈರ್ ತರಿಸಿ ಹಿಂದಿನ ಸಾಮಾನಿನ ತೊಟ್ಟಿಯಲ್ಲಿ ನಿಲ್ಲಿಸಿ ಕಟ್ಟಿದರು. 350 ಕೆ.ಜಿ. ಸಾಮಾನಿನ ಲೆಕ್ಕಕ್ಕೆ ಇನ್ನೊಂದು 43 ಸೇರಿತು.